ಅವ್ವನನ್ನು ಯಾರು ಕೇಳಿದರು?

ನಮ್ಮ ಚಳವಳಿಯ ಹಳೆಯ ಕಡತಗಳನ್ನು ಬಿಡಿಸಿ ನೋಡಿದರೆ ಎರಡು ಬಗೆಯ ಹೆಂಗಸರು ಸಿಗುತ್ತಾರೆ. ಒಬ್ಬಳು ಸತ್ತವಳು, ಇನ್ನೊಬ್ಬಳು ದೂರು ಕೊಡಲು ಬಂದವಳು. ಸತ್ತವಳ ಬಗ್ಗೆ ಪಂಚನಾಮೆ, ಶವಪರೀಕ್ಷೆಯ ವರದಿ, ಪತ್ರಿಕೆಯ ತುಣುಕು, ನಾವೇ ಹೋಗಿ ಬರೆದುಕೊಂಡು ಬಂದ ಟಿಪ್ಪಣಿ ಇವೆ. ದೂರು ತಂದವಳ ಬಗ್ಗೆ ಅರ್ಜಿಯ ಪ್ರತಿ, ಸಮಾಲೋಚನೆಯ ದಿನಾಂಕಗಳು, ವಕೀಲರ ಪತ್ರ ಇವೆ. ಸಾಯದೆ, ದೂರನ್ನೂ ಕೊಡದೆ, ನಲವತ್ತು ಐವತ್ತು ವರ್ಷ ಅದೇ ಮನೆಯಲ್ಲಿ ಬದುಕಿದ ಮೂರನೆಯವಳ ಕಡತ ಎಲ್ಲಿದೆ? ಸಂಖ್ಯೆಯಲ್ಲಿ ಅವಳೇ ಹೆಚ್ಚು. ನಮ್ಮಲ್ಲಿ ಬಹುಪಾಲು ಜನಕ್ಕೆ ಅವಳೇ ತಾಯಿ.

ನಮ್ಮೂರು ಕಮಲಾಪುರದಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಹಂಪಿ ನೋಡಲು ಬಂದವರೆಲ್ಲ ಒಂದು ಸುತ್ತು ಹಾಕಿ ಹೋಗುವ ಜಾಗ. ಅಲ್ಲಿ ವೀರಗಲ್ಲುಗಳ ಜೊತೆ ಮಾಸ್ತಿಕಲ್ಲುಗಳೂ ಇವೆ. ಎತ್ತಿದ ಒಂದು ಕೈ, ಕೈತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ವಿಜಯನಗರದಲ್ಲಿ ಹೆಂಗಸರು ಗಂಡನ ಚಿತೆ ಏರುತ್ತಿದ್ದುದನ್ನು ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ವಿವರವಾಗಿ ಬರೆದಿಟ್ಟಿದ್ದಾನೆ. ಸತ್ತವಳಿಗೆ ಕಲ್ಲು ನೆಟ್ಟರು, ಪರದೇಶಿಯೂ ಬರೆದ. ಬದುಕಿ ಉಳಿದ ವಿಧವೆ ಏನು ಉಂಡಳು, ಯಾರ ಮನೆಯ ಮೂಲೆಯಲ್ಲಿ ಮಲಗಿದಳು ಎನ್ನುವುದಕ್ಕೆ ಯಾವ ಕಲ್ಲೂ ಇಲ್ಲ. ಸತ್ತವಳನ್ನು ಮಾತ್ರ ದಾಖಲಿಸುವ ಈ ಅಭ್ಯಾಸ ನಮ್ಮ ಸಂಘಟನೆಗಳಿಗೂ ಅಂಟಿಕೊಂಡಿದೆ ಎಂದರೆ ಗೆಳತಿಯರು ಬೇಸರಪಡಬಾರದು. ಅದಕ್ಕೆ ಕಾರಣವೂ ಇತ್ತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ವಿಮೋಚನಾದ ಹೆಂಗಸರು ಎಳೆಯ ಸೊಸೆಯಂದಿರ ಸಾವಿನ ಕಡತಗಳನ್ನು ಒಂದೊಂದಾಗಿ ತೆಗೆಸಿ, 'ಸ್ಟೌ ಸಿಡಿದು ಆಕಸ್ಮಿಕ' ಎಂದು ಮುಚ್ಚಿದ ಪ್ರಕರಣಗಳ ಹಿಂದೆ ಏನಿದೆ ಎಂದು ಕೇಳದೇ ಇದ್ದಿದ್ದರೆ ಆ ಸಾವುಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ. ಸತ್ತವರ ಬಗ್ಗೆ ಬರೆದದ್ದು ಹೆಚ್ಚಾಯಿತು ಎಂದು ನಾನು ಹೇಳುತ್ತಿಲ್ಲ. ಬದುಕಿದವರನ್ನು ಕೇಳಿದ್ದು ಕಡಿಮೆಯಾಯಿತು ಎನ್ನುತ್ತಿದ್ದೇನೆ.

ಹಾಗಾಗಿ ನನ್ನ ಸೂಚನೆ ಸರಳವಾದದ್ದು. ನಮ್ಮ ನಮ್ಮ ತಾಯಂದಿರನ್ನು ಕೂರಿಸಿಕೊಂಡು, ಒಂದು ರೆಕಾರ್ಡರ್ ಇಟ್ಟುಕೊಂಡು (ಈಗ ಮೊಬೈಲಿನಲ್ಲೇ ಆಗುತ್ತದೆ), ಕ್ರಮವಾಗಿ ಸಂದರ್ಶನ ಮಾಡಬೇಕು. ಮುಪ್ಪಿನವರ ನೆನಪು ಕೇಳಿ ಸಂತೋಷಪಡುವುದು ಇದರ ಉದ್ದೇಶವಲ್ಲ. ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ನಮಗೆ ಬೇಕಾದ ಸಾಕ್ಷ್ಯ ಅಲ್ಲಿದೆ.

ಹೊರಗಿನವರ ಉದಾಹರಣೆಯೂ ಇದೆ. ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯವರು ತೆಲಂಗಾಣ ಹೋರಾಟದಲ್ಲಿದ್ದ ಹೆಂಗಸರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ, 1986ರಲ್ಲಿ ತೆಲುಗಿನಲ್ಲಿ ಪುಸ್ತಕ ತಂದರು. 1989ರಲ್ಲಿ ಅದು ಇಂಗ್ಲಿಷಿಗೂ ಬಂತು. ಹೋರಾಟದ ಚರಿತ್ರೆಯನ್ನು ಗಂಡಸರು ಬರೆದಾಗ ಅಡುಗೆ ಮಾಡಿದವರು, ಚೀಟಿ ಸಾಗಿಸಿದವರು ಎಂದು ಒಂದು ಸಾಲಿನಲ್ಲಿ ಮುಗಿದಿದ್ದ ಹೆಂಗಸರು ಅಲ್ಲಿ ಪುಟಗಟ್ಟಲೆ ಮಾತಾಡಿದ್ದಾರೆ. ನಮ್ಮ ಪಕ್ಕದಲ್ಲೇ ದರೋಜಿ ಈರಮ್ಮ ಇದ್ದರು. ಓದು ಬರಹ ಬಾರದ ಆಕೆ ಬುರ್ರಕಥೆಗಳನ್ನು ರಾತ್ರಿಯಿಡೀ ನೆನಪಿನಿಂದ ಹಾಡುತ್ತಿದ್ದರು. ಕಮಲಾಪುರಕ್ಕೆ ಕೂಗಳತೆಯ ದೂರದಲ್ಲಿರುವ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಅವರು 2014ರಲ್ಲಿ ತೀರಿಕೊಂಡರು. ಒಬ್ಬ ಹೆಂಗಸಿನ ತಲೆಯಲ್ಲಿ ಎಷ್ಟೆಲ್ಲ ಉಳಿದಿರಲು ಸಾಧ್ಯ ಎಂಬುದಕ್ಕೆ ನಮ್ಮ ಸೀಮೆಯವರಿಗೆ ಬೇರೆ ಪುರಾವೆ ಬೇಕಿಲ್ಲ. ಆದರೆ ರಾಜರಾಣಿಯರ ಕತೆ ಹೇಳಿದರೆ ಅದು ಜಾನಪದ, ತನ್ನ ಸಂಸಾರದ ಕತೆ ಹೇಳಿದರೆ ಅದು ಗೋಳು ಎಂದು ನಾವು ಎದ್ದು ಹೋಗುತ್ತೇವೆ!

ನಾನು ನನ್ನ ತಾಯಿಯನ್ನು ಸಂದರ್ಶಿಸಿದ್ದು 2023ರಲ್ಲಿ, ನಾಲ್ಕು ಮಧ್ಯಾಹ್ನ. ಆಕೆಗೆ ಆಗ ಎಪ್ಪತ್ತೆರಡು. ತಂದೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಇದನ್ನು ಬರೆಯಲು ಆಕೆ ಒಪ್ಪಿಗೆ ಕೊಟ್ಟಿದ್ದಾಳೆ. "ಬರಿ, ಹೆಸರು ಹಾಕಬ್ಯಾಡ" ಅಂದಿದ್ದಾಳೆ. ಬೇರೆಯವರ ಮನೆಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಮೊದಲು ಜಾಗದ ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಹಿಂಸೆಯ ಬಗೆಗಿನ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬಳೇ ಹೆಂಗಸಿಗೆ ಕೇಳುತ್ತಾರೆ, ಅದೂ ಅವಳು ಒಂಟಿಯಾಗಿ ಸಿಕ್ಕರೆ ಮಾತ್ರ. ಯಾರಾದರೂ ಒಳಗೆ ಬಂದರೆ ಪ್ರಶ್ನೆ ನಿಲ್ಲಿಸಬೇಕು. ಈ ನಿಯಮ ಯಾಕೆ ಎಂಬುದು ನನಗೆ ನಮ್ಮ ಮನೆಯಲ್ಲೇ ಅರ್ಥವಾಯಿತು. ಪಡಸಾಲೆಯಲ್ಲಿ ಕೂತಾಗ ಆಕೆ ಹೇಳಿದ್ದೆಲ್ಲ "ಏನೈತವ್ವ ಹೇಳಾಕ, ಎಲ್ಲಾರಂಗ ನಾನೂ" ಎಂಬುದೇ. ಒಳಗೆ ಅಣ್ಣ ಮಲಗಿದ್ದ, ಅತ್ತಿಗೆ ಬಂದು ಹೋಗುತ್ತಿದ್ದಳು. ಮರುದಿನ ಕೆರೆ ಏರಿಯ ಕಡೆ ನಡೆದು ಹೋಗಿ, ಕಾಲುವೆ ಪಕ್ಕದ ನಮ್ಮ ತುಂಡು ಹೊಲದಲ್ಲಿ ಬಾಳೆಯ ನೆರಳಿಗೆ ಕೂತೆವು. ಅಲ್ಲಿ ಮಾತು ತಾನಾಗಿ ಬಂತು. ಕೈಯಲ್ಲಿ ಕೆಲಸ ಇರಬೇಕು. ಆಕೆ ಅವರೆಕಾಯಿ ಸುಲಿಯುತ್ತಿದ್ದಳು, ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವ ಕಷ್ಟ ಇರಲಿಲ್ಲ.

ಸಮೀಕ್ಷೆಯ ಮಾತು ಬಂದದ್ದರಿಂದ ಒಂದು ಅಂಕಿ. ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದು ಹೇಳಿದ ಕರ್ನಾಟಕದ ವಿವಾಹಿತ ಹೆಂಗಸರು 2015-16ರ ಸುತ್ತಿನಲ್ಲಿ ಶೇಕಡಾ 20.6 ಇದ್ದರು. 2019-21ರ ಸುತ್ತಿನಲ್ಲಿ ಶೇಕಡಾ 44.4 ಆದರು. ನಾಲ್ಕೈದು ವರ್ಷದಲ್ಲಿ ನಮ್ಮ ಗಂಡಸರು ಎರಡು ಪಟ್ಟು ಕೆಟ್ಟರೋ, ಅಥವಾ ಹೆಂಗಸರು ಎರಡು ಪಟ್ಟು ಬಾಯಿಬಿಟ್ಟರೋ? ಎರಡನೆಯದರ ಪಾಲು ದೊಡ್ಡದಿದೆ ಎಂದೇ ನನ್ನ ಊಹೆ. ಯಾರು, ಎಲ್ಲಿ, ಹೇಗೆ ಕೇಳುತ್ತಾರೆ ಎಂಬುದರ ಮೇಲೆ ಉತ್ತರ ನಿಂತಿದೆ.

ಪ್ರಶ್ನೆಯ ಭಾಷೆಯೂ ಮುಖ್ಯ. "ನಿನಗೆ ವರದಕ್ಷಿಣಿ ಎಷ್ಟು ಕೊಟ್ರು?" ಎಂದು ಕೇಳಿದೆ. "ಏನೂ ಇಲ್ಲ" ಎಂದಳು. "ಮದುವ್ಯಾಗ ನಿಮ್ಮ ಮನಿಯಿಂದ ಏನೇನು ಬಂತು?" ಎಂದು ಕೇಳಿದಾಗ ಪಟ್ಟಿ ಶುರುವಾಯಿತು. ಎರಡು ತೊಲೆ ಬಂಗಾರ, ಒಂದು ವಾಚು, ಒಂದು ಸೈಕಲ್ಲು, ಹಿತ್ತಾಳೆ ಕೊಡ ನಾಲ್ಕು, ಒಂದು ಹಂಡೆ, ಎಂಟು ಚೀಲ ಜೋಳ, ಅತ್ತೆಗೆ ಇಳಕಲ್ ಸೀರೆ, ನಾದಿನಿಯರಿಗೆ ಕುಪ್ಪಸದ ಖಣ. ಐವತ್ನಾಲ್ಕು ವರ್ಷದ ಹಿಂದಿನ ಪಟ್ಟಿ, ತಡವರಿಸದೆ ಹೇಳಿದಳು. ಹಂಡೆಯ ಕಂಠ ಸೀಳಿತ್ತು ಎಂದು ಅತ್ತೆ ಎಷ್ಟು ದಿನ ಅಂದಳು ಎಂಬುದನ್ನೂ ಹೇಳಿದಳು. ಮದುವೆಯ ಉಡುಗೊರೆಗಳ ಪಟ್ಟಿ ಬರೆದು ಸಹಿ ಮಾಡಿಸಿ ಇಡಬೇಕು ಎಂದು ಸರ್ಕಾರ ನಿಯಮ ಮಾಡಿದ್ದು 1985ರಲ್ಲಿ. ಹಾಗೆ ಪಟ್ಟಿ ಇಟ್ಟ ಒಂದು ಮನೆಯನ್ನೂ ನಾನು ನಮ್ಮ ಕಡೆ ನೋಡಿಲ್ಲ. ಆದರೆ ಪ್ರತಿ ಹೆಂಗಸಿನ ತಲೆಯಲ್ಲೂ ಆ ಪಟ್ಟಿ ಇದೆ.

ನಮ್ಮಜ್ಜಿಯ ಮದುವೆಗೆ ಗಂಡಿನ ಕಡೆಯವರೇ ತೆರ ಕೊಟ್ಟಿದ್ದರಂತೆ. ಬಳ್ಳಾರಿ ಸೀಮೆಯ ಅನೇಕ ಜಾತಿಗಳಲ್ಲಿ ತೆರವೇ ಪದ್ಧತಿ. ಅದು ಬಲು ದೊಡ್ಡತನವೇನಲ್ಲ, ಹೆಣ್ಣಿಗೆ ಬೆಲೆ ಕಟ್ಟುವುದೇ ಅದು ಕೂಡ. ಅವಳು ಬಿಟ್ಟು ಬಂದರೆ ತೆರ ತಿರುಗಿ ಕೊಡಬೇಕು. ಆದರೂ ದಿಕ್ಕು ತಿರುಗಿದ್ದು ಯಾವಾಗ ಎಂಬುದು ದೊಡ್ಡ ಪ್ರಶ್ನೆ. ತೆರ ಇದ್ದ ಜಾತಿಗಳಲ್ಲೂ ಹೊಸ ಬಗೆಯ ವರದಕ್ಷಿಣೆ ನುಗ್ಗಿದೆ, ಇದು ಹಳೆಯ ಕನ್ಯಾದಾನದ ದಕ್ಷಿಣೆಯ ಮುಂದುವರಿಕೆ ಅಲ್ಲ ಎಂದು ಎಂ.ಎನ್. ಶ್ರೀನಿವಾಸ್ ತಮ್ಮ ಒಂದು ಉಪನ್ಯಾಸದಲ್ಲಿ ವಿವರಿಸಿದ್ದರು. ಅದು ಪುಸ್ತಕವಾಗಿ ಬಂದದ್ದು 1984ರಲ್ಲಿ. ಅವ್ವ ಅದನ್ನೇ ಒಂದು ಮಾತಿನಲ್ಲಿ ಹೇಳಿದಳು: "ನಮ್ಮವ್ವಗ ತೆರ ಕೊಟ್ರು. ನನಗ ಅದೂ ಇಲ್ಲ ಇದೂ ಇಲ್ಲ, ವಾಚು ಅಂದ್ರು. ನಿಮಗ ರೊಕ್ಕ ಅಂದ್ರು." ಅಜ್ಜಿ, ತಾಯಿ, ಮಗಳು ಎಂಬ ಮೂರು ತಲೆಯಲ್ಲಿ ಇಡೀ ತಿರುವು ನಡೆದುಹೋಗಿದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದೂ ಈ ನಡುವೆಯೇ. ಅವ್ವನ ಮದುವೆ 1969ರಲ್ಲಿ. ಕಾಯಿದೆಯ ಸುದ್ದಿ ಮದುವೆ ಮನೆಗೆ ಬಂದಿರಲಿಲ್ಲ.

ಈಗ ಎಮ್ಮೆಯ ವಿಷಯ. ನಾವು ಮಕ್ಕಳಾಗಿದ್ದಾಗ ಮನೆಯಲ್ಲಿ ಸದಾ ಒಂದು ಎಮ್ಮೆ ಇರುತ್ತಿತ್ತು. ಹಾಲನ್ನು ಅವ್ವ ಅಳೆದು ಅಳೆದು ಹೊರಗೆ ಕೊಡುತ್ತಿದ್ದಳು. ಊರ ಹೋಟೆಲಿಗೆ, ಮುಂದೆ ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿದ್ದ ಚಹಾ ಅಂಗಡಿಗಳಿಗೆ. (ಆ ಅಂಗಡಿ ಮನೆಗಳನ್ನೆಲ್ಲ 2011ರ ಜುಲೈಯಲ್ಲಿ ತೆರವು ಮಾಡಿದರು, ಅದು ಬೇರೆಯೇ ಬರೆಯಬೇಕಾದ ವಿಷಯ.) ಹಾಲಿನ ಹಣ ಅಪ್ಪನ ಕೈಗೆ ಹೋಗುತ್ತಿರಲಿಲ್ಲ, ಅಪ್ಪ ಕೇಳುತ್ತಲೂ ಇರಲಿಲ್ಲ. ಉಳಿದ ಎಲ್ಲದಕ್ಕೂ ಕೈ ಎತ್ತುತ್ತಿದ್ದ ಮನುಷ್ಯ ಇದೊಂದನ್ನು ಯಾಕೆ ಮುಟ್ಟುತ್ತಿರಲಿಲ್ಲ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಆಕೆ ಹೇಳಿದ್ದು ಇದು. 1974ರಲ್ಲಿ ಪಂಚಮಿ ಹಬ್ಬಕ್ಕೆಂದು ತವರಿಗೆ ಹೋದವಳು ತಿರುಗಿ ಬರಲಿಲ್ಲ. ನನಗೆ ಆಗ ಮೂರು ವರ್ಷ. ನಮ್ಮ ಕಡೆ ಪಂಚಮಿ ಎಂದರೆ ಗಂಡನ ಮನೆಯ ಹೆಣ್ಣು ಯಾರ ಅಪ್ಪಣೆಯ ಚರ್ಚೆಯೂ ಇಲ್ಲದೆ ತವರಿಗೆ ಹೋಗಬಹುದಾದ ಒಂದೇ ದಾರಿ. ಅದನ್ನು ಯೋಚಿಸಿಯೇ ಆ ದಿನ ಆರಿಸಿಕೊಂಡಿದ್ದಳು. ಐದು ತಿಂಗಳು ಇದ್ದಳು. ಅಷ್ಟರಲ್ಲಿ ತವರಿನ ಮುಖ ಸಣ್ಣಗಾಗುತ್ತಾ ಬಂತು, ತಂಗಿಯ ಮದುವೆ ನಿಲ್ಲುತ್ತದೆ ಎಂಬ ಮಾತು ಬಂತು. ಹಿರಿಯರು ಬಂದು ಕೂತರು. ಎಲ್ಲ ಕತೆಗಳಲ್ಲೂ ಇಲ್ಲಿಗೆ ಹೆಣ್ಣು ಸೋತು ತಿರುಗಿ ಹೋಗುತ್ತಾಳೆ. ಅವ್ವನೂ ತಿರುಗಿ ಬಂದಳು, ಆದರೆ ಒಂದು ಕರಾರು ಬರೆಸಿಕೊಂಡು: ತವರಿನವರು ಒಂದು ಎಮ್ಮೆ ಕೊಡತಕ್ಕದ್ದು, ಎಮ್ಮೆ ಅವಳದ್ದು, ಅದರ ಹಾಲಿನ ದುಡ್ಡು ಅವಳದ್ದು, ಗಂಡನಾಗಲಿ ಅತ್ತೆಯಾಗಲಿ ಕೇಳತಕ್ಕದ್ದಲ್ಲ. ನಾಲ್ಕು ಜನ ಹಿರಿಯರ ಸಹಿ. ಆಕೆಯದು ಹೆಬ್ಬೆಟ್ಟು.

"ಹೊಡಿಬಾರದು ಅಂತ ಯಾಕ ಬರೆಸಲಿಲ್ಲ?" ಎಂದು ಕೇಳಿದೆ.

"ಹೊಡಿಬ್ಯಾಡ ಅಂತ ಬರೆಸಿದ್ರ ರಾತ್ರಿ ಬಾಗಲ ಹಾಕಿದ ಮ್ಯಾಲ ಯಾರು ಕಾಯ್ತಾರ? ಎಮ್ಮಿ ಆದ್ರ ಅಂಗಳದಾಗ ಕಟ್ಟಿರ್ತೈತಿ. ಎಲ್ಲಾರ ಕಣ್ಣಿಗೂ ಕಾಣತೈತಿ."

ಈ ಉತ್ತರ ಕೇಳಿದ ಮೇಲೆ ನನಗೆ ಆಕೆ ಬೇರೆಯೇ ಮನುಷ್ಯಳಾಗಿ ಕಂಡಳು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯಿದೆ ಆಗಿದ್ದು 2005ರಲ್ಲಿ, ಜಾರಿಯಾದದ್ದು 2006ರ ಅಕ್ಟೋಬರಿನಲ್ಲಿ. ಅದರ ನಿಯಮಗಳಲ್ಲಿರುವ ಮೊದಲ ನಮೂನೆಯನ್ನು ನಾವು ಅದೆಷ್ಟೋ ಸಲ ತುಂಬಿದ್ದೇವೆ. ದೈಹಿಕ ಹಿಂಸೆ, ಲೈಂಗಿಕ ಹಿಂಸೆ, ಮಾತಿನ ಮತ್ತು ಭಾವನಾತ್ಮಕ ಹಿಂಸೆ, ಆರ್ಥಿಕ ಹಿಂಸೆ, ವರದಕ್ಷಿಣೆಯ ಕಿರುಕುಳ ಎಂದು ಕಾಲಂಗಳಿವೆ. ಆರ್ಥಿಕ ಹಿಂಸೆ ಎಂಬ ಕಾಲಂ ಸೇರಿಸಬೇಕಾದರೆ ಎಷ್ಟು ಚರ್ಚೆ, ಎಷ್ಟು ಹೋರಾಟ ಆಗಬೇಕಾಯಿತು! ಇಪ್ಪತ್ತಮೂರು ವರ್ಷದ, ಅಕ್ಷರ ಬಾರದ ಹೆಣ್ಣುಮಗಳು 1974ರಲ್ಲಿ ಹೊಡೆತಕ್ಕಿಂತ ಮೊದಲು ದುಡ್ಡಿನ ವಿಷಯ ಇತ್ಯರ್ಥ ಮಾಡಿಕೊಂಡಿದ್ದಳು. ಯಾವುದನ್ನು ಜಾರಿ ಮಾಡಿಸಲು ಸಾಧ್ಯ, ಯಾವುದನ್ನು ಸಾಧ್ಯವಿಲ್ಲ ಎಂದು ಲೆಕ್ಕ ಹಾಕಿದ್ದಳು. ಇದನ್ನು ಕಾನೂನು ಬುದ್ಧಿ ಎನ್ನದೆ ಇನ್ನೇನನ್ನಬೇಕು? ನನ್ನ ತಂಗಿ ಮತ್ತು ನಾನು ಪಿಯುಸಿವರೆಗೆ ಓದಿದ್ದು ಆ ಹಾಲಿನ ಹಣದಲ್ಲಿ.

ಕೆಲವು ಗೆಳತಿಯರು ಇಲ್ಲಿ ತಕರಾರು ತೆಗೆದಿದ್ದಾರೆ. ಇದು 'ಹೊಂದಿಕೊಂಡು ಹೋದವಳ ಜಾಣತನ'ವನ್ನು ಹೊಗಳಿದಂತೆ ಆಗುವುದಿಲ್ಲವೇ? ನಾಳೆ ನಮ್ಮ ಹತ್ತಿರ ಬರುವ ಹುಡುಗಿಗೆ ಅವಳ ಅತ್ತೆ, 'ನೋಡು, ಆಕೆ ಐವತ್ತು ವರ್ಷ ಬಾಳಿದಳು' ಎನ್ನುವುದಿಲ್ಲವೇ? ತಕರಾರು ಸರಿಯಾದದ್ದೇ. ಆದ್ದರಿಂದ ಉಳಿದದ್ದನ್ನೂ ಹೇಳಬೇಕು. ಎಮ್ಮೆ ಬಂದ ಮೇಲೂ ಹೊಡೆತ ನಿಲ್ಲಲಿಲ್ಲ. ಆಕೆಯ ಎಡಗಿವಿ ಕೇಳುವುದಿಲ್ಲ. ಅದು ವಯಸ್ಸಿನಿಂದ ಬಂದದ್ದಲ್ಲ, 1979ರಲ್ಲಿ ಒಂದು ದಿನದಲ್ಲಿ ಬಂದದ್ದು. ಯಾವಾಗ ನಿಂತಿತು ಎಂದು ಕೇಳಿದ್ದಕ್ಕೆ "ಅವನ ಕೈ ನಡುಗಾಕ ಹತ್ತಿದ ಮ್ಯಾಲ" ಎಂದಳು. ಯಾರ ಬೋಧೆಯಿಂದಲೂ, ಯಾವ ದೇವರ ದಯೆಯಿಂದಲೂ, ಆಕೆಯ ತಾಳ್ಮೆಯಿಂದಲೂ ಅಲ್ಲ. ತಾಳ್ಮೆಯಿಂದ ಗಂಡು ಬದಲಾಗುತ್ತಾನೆ ಎಂದು ಹೇಳುವವರಿಗೆ ಈ ಒಂದು ವಾಕ್ಯ ಸಾಕು. ಆಕೆಯೇ ಹೇಳಿದ ಇನ್ನೊಂದು ಮಾತು: "ನನಗ ಎಮ್ಮಿ ಸಿಕ್ತು. ಎಲ್ಲಾರಿಗೂ ಸಿಗಂಗಿಲ್ಲ."

ಎಲ್ಲರಿಗೂ ಸಿಗಲಿಲ್ಲ ಎನ್ನುವಾಗ ಆಕೆಯ ಮನಸ್ಸಿನಲ್ಲಿ ಯಾರಿದ್ದರು ಎಂಬುದು ಮೂರನೆಯ ಮಧ್ಯಾಹ್ನ ಗೊತ್ತಾಯಿತು. 1989ರ ಬೇಸಿಗೆಯಲ್ಲಿ ನಮ್ಮ ಕಡೆಯ ಒಂದು ಮನೆಯಲ್ಲಿ ಮದುವೆಯಾಗಿ ಎರಡು ವರ್ಷವೂ ತುಂಬದ ಸೊಸೆ ಸುಟ್ಟು ಸತ್ತಳು. ಸ್ಟೌ ಸಿಡಿಯಿತು ಎಂದರು, ಹಾಗೇ ಬರೆದುಕೊಂಡರು, ಮುಗಿಯಿತು. ನಾನು ಆಗ ಕಾಲೇಜಿನ ಮೆಟ್ಟಿಲು ಹತ್ತುವ ವಯಸ್ಸಿನವಳು, ಆ ಹುಡುಗಿಯ ಮುಖ ನೆನಪಿದೆ. ಅವ್ವ ಕಾಯಿ ಸುಲಿಯುವುದನ್ನು ನಿಲ್ಲಿಸಿ ಹೇಳಿದಳು: "ಆ ಮನ್ಯಾಗ ಸ್ಟೌವೇ ಇರಲಿಲ್ಲ. ಕಟಿಗಿ ಒಲಿ. ನಾನು ದಿನಾ ಹಾಲು ಹಾಕಾಕ ಅಡಗಿ ಮನಿ ಬಾಗಲಕ್ಕ ಹೋಗತಿದ್ದೆ, ನನಗ ಗೊತ್ತಿಲ್ಲೇನು?"

ಯಾರಿಗಾದರೂ ಹೇಳಿದೆಯಾ ಎಂದೆ.

"ಯಾರು ಕೇಳಿದ್ರು? ಪೊಲೀಸರು ಬಂದ್ರು, ಗಂಡಸರನ್ನ ಕರೆದು ಕಟ್ಟಿ ಮ್ಯಾಲ ಕುಂದರಿಸಿ ಕೇಳಿದ್ರು. ಗಂಡಸರಿಗೆ ಅಡಗಿ ಮನ್ಯಾಗ ಏನೈತಿ ಅಂತ ಏನ್ ಗೊತ್ತು? ನಿಮ್ಮಪ್ಪನೂ ಸಹಿ ಹಾಕಿದ."

ಗೆಳತಿಯರೇ, ಈ ಮಾತಿನ ಮುಂದೆ ಕಾನೂನನ್ನು ಇಟ್ಟು ನೋಡೋಣ. ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯವನ್ನು ಅಪರಾಧ ಎಂದ 498ಎ ಕಲಂ ಬಂದದ್ದು 1983ರಲ್ಲಿ. ವರದಕ್ಷಿಣೆ ಸಾವಿನ 304ಬಿ ಕಲಂ 1986ರಲ್ಲಿ. ಈಗ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 85 ಮತ್ತು 80ನೇ ಕಲಂಗಳಾಗಿವೆ, ತಿರುಳು ಅದೇ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಸುಟ್ಟೋ ಗಾಯವಾಗಿಯೋ ಅಸಹಜವಾಗಿ ಸತ್ತಿದ್ದರೆ, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಅವಳನ್ನು ಹಿಂಸಿಸಿದ್ದರು ಎಂದು ತೋರಿಸಿದರೆ, ಮುಂದಿನ ಭಾರ ಗಂಡನ ಮನೆಯವರದು. ಅಂದರೆ 1989ರ ಬೇಸಿಗೆಯಲ್ಲಿ ಕಾನೂನು ಪುಸ್ತಕದಲ್ಲಿ ಎಲ್ಲವೂ ಇತ್ತು. 'ಸಾವಿಗೆ ಸ್ವಲ್ಪ ಮುಂಚೆ' ಏನು ನಡೆಯಿತು ಎಂದು ಹೇಳುವವರು ಬೇಕಿತ್ತು. ಅದು ಗೊತ್ತಿದ್ದದ್ದು ಹಾಲು ಹಾಕುವವಳಿಗೆ, ನೀರಿಗೆ ಹೋಗುವವಳಿಗೆ, ಹಿತ್ತಲ ಗೋಡೆಯ ಆಚೆ ಪಾತ್ರೆ ತಿಕ್ಕುವವಳಿಗೆ. ಇಂಥ ಪ್ರಕರಣಗಳಲ್ಲಿ ಸಾಕ್ಷಿ ಹೇಳುವವರು ಸಾಮಾನ್ಯವಾಗಿ ಸತ್ತವಳ ತಂದೆ, ಅಣ್ಣ, ತಮ್ಮಂದಿರು. ಅವರು ದೂರದ ಊರಿನವರು, ಕಣ್ಣಾರೆ ಕಂಡವರಲ್ಲ. 'ಹಿತಾಸಕ್ತ ಸಾಕ್ಷಿಗಳು' ಎಂದು ಎದುರು ವಕೀಲರು ಅವರನ್ನು ತಳ್ಳಿಹಾಕಲು ನೋಡುತ್ತಾರೆ. ಕಂಡ ನೆರೆಮನೆಯ ಹೆಂಗಸರನ್ನು ಪೊಲೀಸರು ಕೇಳುವುದಿಲ್ಲ. ಕೇಳಿದರೂ ಗಂಡನ ಎದುರಿಗೆ, ಕಟ್ಟೆಯ ಮೇಲೆ ಕೇಳುತ್ತಾರೆ.

ದೇಶದಲ್ಲಿ ಈಗಲೂ ವರ್ಷಕ್ಕೆ ಆರು ಸಾವಿರ ಆಸುಪಾಸು ವರದಕ್ಷಿಣೆ ಸಾವುಗಳು ಅಪರಾಧ ದಾಖಲೆ ಬ್ಯೂರೋದ ಲೆಕ್ಕಕ್ಕೆ ಬರುತ್ತವೆ. ಪ್ರತಿ ಸಾವಿನ ಸುತ್ತ ಇಂಥ ಮೂರು ನಾಲ್ಕು ಹೆಂಗಸರಾದರೂ ಇರುತ್ತಾರೆ. ಅವರಿಗೆ ಗೊತ್ತಿರುತ್ತದೆ. ಅವರು ಯಾರದೋ ತಾಯಂದಿರು.

ಈಗ ಆ ಮನೆ ಇಲ್ಲ. ಆ ಹುಡುಗಿಯ ಅತ್ತೆ ಇಲ್ಲ. ಗಂಡ ಮತ್ತೆ ಮದುವೆಯಾಗಿ ಊರು ಬಿಟ್ಟು ಎಷ್ಟೋ ವರ್ಷವಾಯಿತು. ಅವಳ ತವರಿನವರು ಯಾವ ಊರಿನವರು ಎಂಬುದು ಅವ್ವನಿಗೂ ಖಚಿತವಿಲ್ಲ. ಕೊಲೆಗೆ ಕಾಲಮಿತಿ ಇಲ್ಲ ಎಂದು ಕಾನೂನು ಬಲ್ಲವರು ಹೇಳುತ್ತಾರೆ, ಆದರೆ ಎಪ್ಪತ್ತೆರಡರ ಮುದುಕಿಯ ಒಂದು ಮಾತಿನ ಮೇಲೆ ಏನು ನಿಲ್ಲುತ್ತದೆ ಎಂದು ಅವರೇ ಕೇಳುತ್ತಾರೆ. ಅವ್ವ ಒಂದನ್ನು ಮಾತ್ರ ಸ್ಪಷ್ಟವಾಗಿ ಹೇಳಿದಳು: ಆ ಸಾವಿನ ಮರುವರ್ಷದಿಂದ ಹಾಲಿನ ಹಣದಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಬೇರೆ ಇಡತೊಡಗಿದಳು.

1993ರಲ್ಲಿ ನನ್ನ ಮದುವೆಯಾಯಿತು. ಹೆಣ್ಣು ಒಪ್ಪಿಸುವಾಗ ಎಲ್ಲರೆದುರು "ಹೊಂದಿಕೊಂಡು ಹೋಗವ್ವ, ಹೆಸರು ತರಬ್ಯಾಡ" ಎಂದಳು. ಎಲ್ಲ ತಾಯಂದಿರೂ ಹೇಳುವ ಮಾತು, ನಾವೆಲ್ಲ ಬೀದಿನಾಟಕಗಳಲ್ಲಿ ಅಣಕಿಸಿದ ಮಾತು. ಅದೇ ರಾತ್ರಿ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಒಂದು ಕರವಸ್ತ್ರದ ಗಂಟು ಸಿಕ್ಕಿತು. ಮುನ್ನೂರು ರೂಪಾಯಿ, ಹತ್ತರ ನೋಟುಗಳಲ್ಲಿ. ಬಳೆ ಖರ್ಚಿಗೆ ಇಟ್ಟಿದ್ದಾಳೆ ಎಂದು ಎಲ್ಲರೂ ಅಂದುಕೊಳ್ಳುವ ಹಾಗೆ ಇತ್ತು. ಯಾಕೆ ಇಟ್ಟಿದ್ದೆ ಎಂದು ಈಗ ಕೇಳಿದೆ. "ಬಸ್ಸಿಗೆ. ರಾತ್ರಿ ಎದ್ದು ಬರಬೇಕಾದ್ರ ಯಾರ ಹತ್ರ ಕೇಳ್ತಿ? ಅದಕ್ಕ ಸಣ್ಣ ನೋಟು." ಹಾಗಾದರೆ ಹೊಂದಿಕೊಂಡು ಹೋಗು ಎಂದದ್ದು? "ಅದು ಮಂದಿಗೆ ಹೇಳಿದ್ದು."

ಎರಡು ಮಾತು ಒಟ್ಟಿಗೆ ಆಡುವ ಈ ವಿದ್ಯೆಯನ್ನು ನಮ್ಮ ಬರಹಗಳು ಹಿಡಿದಿಲ್ಲ. ತಾಯಂದಿರೇ ಪಿತೃಪ್ರಧಾನ ವ್ಯವಸ್ಥೆಯ ಕಾವಲುಗಾರರು ಎಂದು ಎಷ್ಟು ಲೇಖನಗಳಲ್ಲಿ ಓದಿದ್ದೇವೆ! ಅದರಲ್ಲಿ ಸತ್ಯವಿದೆ. ಆದರೆ ಆ ಕಾವಲುಗಾರ್ತಿ ಹಿತ್ತಲ ಬಾಗಿಲಿನ ಚಿಲಕ ತೆಗೆದಿಟ್ಟಿದ್ದಳೇ ಎಂದೂ ನೋಡಬೇಕಲ್ಲ. ಅದು ಕೇಳಿದರೆ ಹೊರತು ತಿಳಿಯುವುದಿಲ್ಲ. ಹಾಗೆ ಕೇಳದೆಯೂ ಒಮ್ಮೊಮ್ಮೆ ಹೊರಬರುತ್ತದೆ. ಗಿರೀಶ ಕಾರ್ನಾಡರು ತಮ್ಮ 'ಆಡಾಡತ ಆಯುಷ್ಯ'ದ ಆರಂಭದಲ್ಲೇ ಹೇಳುವ ಪ್ರಸಂಗ ಹಲವರಿಗೆ ನೆನಪಿರಬಹುದು. ಮಗ ಹೆಸರು ಮಾಡಿದ ಮೇಲೆ, ಊಟದ ಹೊತ್ತಿನಲ್ಲಿ, ಈ ಮಗು ಬೇಡವೆಂದು ತಾವು ವೈದ್ಯೆಯ ಬಳಿ ಹೋಗಿದ್ದೆವೆಂದೂ ಅಂದು ವೈದ್ಯೆ ಬಾರದ್ದರಿಂದ ತಿರುಗಿ ಬಂದೆವೆಂದೂ ತಾಯಿ ಸಹಜವಾಗಿ ಹೇಳಿಬಿಡುತ್ತಾರೆ. ಆ ತಾಯಿ ಕೃಷ್ಣಾಬಾಯಿ ಎಳೆ ವಯಸ್ಸಿನಲ್ಲಿ ವಿಧವೆಯಾಗಿ, ಒಂದು ಮಗುವನ್ನು ಕಟ್ಟಿಕೊಂಡು ನರ್ಸ್ ಕೆಲಸ ಕಲಿತು, ಸಮಾಜದ ವಿರೋಧದಿಂದ ಹಲವು ವರ್ಷ ಕಾದು ಮರುಮದುವೆಯಾದವರು. ಅಂಥ ತಾಯಿಗೂ ಆ ಮಾತು ಬಾಯಿಗೆ ಬರಲು ಮೂವತ್ತೈದು ವರ್ಷ ಹಿಡಿಯಿತು. ಮಕ್ಕಳು ದೊಡ್ಡವರಾಗಿ ಪಕ್ಕದಲ್ಲಿ ಕೂತು ಉಣ್ಣುವ ತನಕ ತಾಯಿ ಕಾಯುತ್ತಾಳೆ. ನಾವು ಆಗ ಟಿವಿ ನೋಡುತ್ತಿರುತ್ತೇವೆ.

ಅವ್ವನ ಬಗ್ಗೆ ಬರೀ ಹೊಗಳಿಕೆ ಬರೆದು ನಿಲ್ಲಿಸಿದರೆ ಈ ಪತ್ರಿಕೆಗೆ ಅನ್ಯಾಯ ಮಾಡಿದಂತೆ. ನಾಲ್ಕನೆಯ ಮಧ್ಯಾಹ್ನ ನಾನು ಅಣ್ಣನ ಮದುವೆಯ ವಿಷಯ ತೆಗೆದೆ. 1998ರಲ್ಲಿ ಅವನ ಮದುವೆಗೆ ನಲವತ್ತು ಸಾವಿರ ನಗದು ತೆಗೆದುಕೊಂಡಿದ್ದರು. ಮಾತು ಆಡಿದ್ದು ಅಪ್ಪನಾದರೂ ಹಣ ಎಣಿಸಿಕೊಂಡದ್ದು ಅವ್ವ. "ತಗೊಂಡೀನಿ. ಸುಳ್ಳು ಯಾಕ ಹೇಳಲಿ" ಎಂದಳು. ಅದರ ಹಿಂದಿನ ವರ್ಷ ತಂಗಿಯ ಮದುವೆಗೆ ಮಾಡಿದ ಸಾಲ ತೀರಿಸಲು ಅದು ಹೋಯಿತು. "ಒಂದು ಕೈಯಾಗ ಬಂತು, ಇನ್ನೊಂದು ಕೈಯಾಗ ಹೋತು. ನನ್ನ ಮಗಳಿಗೆ ಕೇಳಿದವರು ಬಿಟ್ಟಿದ್ರ ನಾನೂ ಬಿಡತಿದ್ದೆ." ವರದಕ್ಷಿಣೆ ಮನೆಯಿಂದ ಮನೆಗೆ ಸಾಲದ ಹಾಗೆ ದಾಟುವುದನ್ನು ಇದಕ್ಕಿಂತ ನೇರವಾಗಿ ಯಾವ ಅರ್ಥಶಾಸ್ತ್ರಜ್ಞರೂ ಹೇಳಲಾರರು. ಆದರೂ ಇದು ಸಮರ್ಥನೆಯಾಗದು. ಆ ನಲವತ್ತು ಸಾವಿರಕ್ಕೆ ಅತ್ತಿಗೆಯ ತಂದೆ ಏನು ಮಾರಿದರು ಎಂದು ಕೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ನಾನು ಅವಾಗ ಕೇಳಲಿಲ್ಲ" ಎಂದಳು. ಆಮೇಲೆ, ನಾನು ಕೇಳದೆಯೇ, "ನನ್ನ ಮಾತು ಎಷ್ಟು ಅಂತ ಬರ್ಕೊಂತಿ? ಸೊಸಿನ್ನ ಕೇಳು. ನಾನು ಎಂಥಾ ಅತ್ತಿ ಅಂತ ಅಕಿ ಹೇಳಲಿ" ಎಂದಳು.

ಎಷ್ಟು ಜನ ಅತ್ತೆಯರು ಈ ಮಾತು ಹೇಳುತ್ತಾರೋ ಗೊತ್ತಿಲ್ಲ. ಆದರೆ ಅತ್ತಿಗೆಯನ್ನು ನಾನು ಕೇಳುವ ಹಾಗಿಲ್ಲ. ನಾನು ಆ ಮನೆಯ ಮಗಳು, ಹಬ್ಬಕ್ಕೆ ಬಂದು ಅವಳ ಕೈಯಿಂದ ಉಂಡು ಹೋಗುವವಳು. ನನ್ನೆದುರು ಅವಳು ಆಡುವ ಮಾತು ಪಡಸಾಲೆಯ ಮಾತೇ ಆಗುತ್ತದೆ. ಆದ್ದರಿಂದ ಕಂಪ್ಲಿ, ಸಂಡೂರು, ಹೊಸಪೇಟೆಯ ಗೆಳತಿಯರ ಜೊತೆ ಸೇರಿ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ನಮ್ಮ ನಮ್ಮ ತಾಯಂದಿರನ್ನು ನಾವೇ ಕೇಳುವುದು, ಅತ್ತಿಗೆ ನಾದಿನಿಯರನ್ನು ಮಾತ್ರ ಬದಲಾಯಿಸಿಕೊಳ್ಳುವುದು. ಕಂಪ್ಲಿಯವಳು ಬಂದು ನನ್ನ ಅತ್ತಿಗೆಯನ್ನು ಮಾತಾಡಿಸುತ್ತಾಳೆ, ನಾನು ಸಂಡೂರಿಗೆ ಹೋಗುತ್ತೇನೆ. ಹೇಳಿದವಳ ಒಪ್ಪಿಗೆ ಇಲ್ಲದೆ ಏನೂ ಹೊರಗೆ ಹೋಗುವುದಿಲ್ಲ, ನನ್ನ ಅತ್ತಿಗೆಯ ರೆಕಾರ್ಡು ನನಗೂ ಸಿಗುವುದಿಲ್ಲ. ಮೂವರು ತಾಯಂದಿರು ಮುಗಿದಿದ್ದಾರೆ. ನಾಲ್ಕನೆಯವರು "ಬ್ಯಾಡವ್ವ, ಬಿಡು" ಎಂದರು, ಬಿಟ್ಟಿದ್ದೇವೆ. ಒಬ್ಬ ಗೆಳತಿ ತನ್ನ ತಂದೆಯನ್ನು ಕೂರಿಸಿ, ನಿನ್ನ ಮದುವೆಗೆ ಏನೇನು ತೆಗೆದುಕೊಂಡೆ ಎಂದು ಕೇಳಿದ್ದಾಳೆ. ನಲವತ್ತು ನಿಮಿಷದ ರೆಕಾರ್ಡಿನಲ್ಲಿ ಮೊದಲ ಇಪ್ಪತ್ತು ನಿಮಿಷ ಅವರು ಮಳೆ ಬೆಳೆಯ ಮಾತಾಡಿದ್ದಾರೆ. ಅದನ್ನು ಮುಂದಿನ ಸಂಚಿಕೆಗೆ ಅವಳೇ ಬರೆಯುತ್ತಾಳೆ.